ಕುಂಡದ ಆಲಕ್ಕೆ ಸುತ್ತಿದ ದಾರ

"ಇಷ್ಟ ಸಣ್ಣ ಗಿಡಕ್ಕ ದಾರ ಸುತ್ತಿದ್ರ ನಮ್ಮ ಮನಿಯವರ ಆಯುಷ್ಯಾನೂ ಸಣ್ಣ ಆಗಂಗಿಲ್ಲಲ್ರಿ, ಅಕ್ಕಾರ?"

ಹೆಂಗಸರು ಗಂಡನ ಆಯುಷ್ಯಕ್ಕಾಗಿ ಆಲಕ್ಕೆ ದಾರ ಸುತ್ತುವ ಕಾರಹುಣ್ಣಿಮೆಯ ದಿನ, ಗೋಕಾಕದ ನಮ್ಮ ನೆರೆಮನೆಯ ಗಂಗವ್ವ ಹೀಗೆ ಕೇಳಿದಾಗ ನಾನು ಕುಂಡವನ್ನು ಅವಳ ಮುಂದೆ ಇಡುತ್ತಿದ್ದೆ.

ಯಾರದೋ ಬಂಗಲೆಯ ಪಡಸಾಲೆಯಲ್ಲಿ ನೀರು ಕಾಣದೆ ಒಣಗಿದ್ದ ಆಲದ ಗಿಡವದು. ತಂದು ಬದುಕಿಸಿ, ಬೇರು ಕತ್ತರಿಸಿ, ಕೊಂಬೆಗಳಿಗೆ ತಾಮ್ರದ ತಂತಿ ಬಿಗಿದು, ಆರು ವರ್ಷವಾದರೂ ಗೇಣೆತ್ತರ ದಾಟದ ಹಾಗೆ ಪಳಗಿಸಿದ್ದೆ. ಕಾಲು ಮುರಿದುಕೊಂಡಿದ್ದ ಗಂಗವ್ವ, ಹೊಳೆದಂಡೆಯ ಆಲದ ಮರದ ತನಕ ನಡೆಯಲಾಗದೆ, ಪೂಜೆಗೆ ಅದನ್ನೇ ತರಿಸಿಕೊಂಡಿದ್ದಳು. ಅವಳ ಗಂಡ ಘಟಪ್ರಭಾದ ದವಾಖಾನೆಯಲ್ಲಿದ್ದ. ಅವನು ತೀರಿಕೊಂಡ ಸುದ್ದಿ ಬೆಳಿಗ್ಗೆಯೇ ಬಂದಿತ್ತು. ಹೆಣ ಮನೆಗೆ ಬರುವ ತನಕ ಆಕೆಗೆ ಹೇಳಬೇಡಿರೆಂದು ಅವಳ ಮೈದುನ ನಮ್ಮನ್ನೆಲ್ಲ ಬೇಡಿಕೊಂಡಿದ್ದ.

"ಇಲ್ಲ ತಂಗೀ, ಸಣ್ಣದಿದ್ರೂ ಆಲಾನ ಐತಿ, ಸುತ್ತು," ಅಂದೆ.

ದೊಡ್ಡ ಮರಕ್ಕೆಂದು ತರಿಸಿದ್ದ ದಾರದ ಉಂಡೆ ಏಳು ಸುತ್ತಿಗೆ ಮುಗಿಯಲಿಲ್ಲ. ಉಳಿದದ್ದನ್ನೂ ಬಿಡದೆ, ಎಲೆಗಳೇ ಕಾಣದಂತೆ ಸುತ್ತಿದಳು. ಸಂಜೆ ಹೆಣ ಬಂದಾಗ, ನನಗೆ ಬೆಳಿಗ್ಗೆಯೇ ಗೊತ್ತಿತ್ತೆಂಬುದು ಅವಳಿಗೆ ತಿಳಿಯಿತು.

ಮರುದಿನವೇ ತಂತಿಗಳನ್ನೆಲ್ಲ ಬಿಚ್ಚಿ ಗಿಡವನ್ನು ಹಿತ್ತಲಲ್ಲಿ ನೆಟ್ಟೆ. ಈಗ ಅದು ಮಾಳಿಗೆಯೆತ್ತರ ಬೆಳೆದಿದೆ. ಗಂಗವ್ವ ಇವತ್ತಿಗೂ ನನ್ನೊಡನೆ ಮಾತಾಡುವುದಿಲ್ಲ.