ಎಂಟು ಸ್ಪೀಕರಿನ ಬೀರು

ಬ್ಯಾಟರಿಯ ತಂತಿ ಮುಟ್ಟಿಸಿದಾಗ ಸ್ಪೀಕರಿನ ಕಾಗದದ ಬಟ್ಟಲು ಮುಂದಕ್ಕೆ ಬರಬೇಕು. ಬರುವುದೂ ಬೆರಳಿನುಗುರಿನ ದಪ್ಪದಷ್ಟೇ. ಎಂಟರಲ್ಲಿ ಐದು ಮುಂದೆ ಬಂದವು. ಮೂರು ಒಳಕ್ಕೆ ಹೋದವು.

ತಂತಿ ತೆಗೆದು, ಅಂಗೈಯನ್ನು ದುಪಟ್ಟಾಕ್ಕೆ ಒರೆಸಿಕೊಂಡು, ಮತ್ತೆ ಮುಟ್ಟಿಸಿದೆ. ಈ ಸಲ ಒಂದೊಂದು ಬಟ್ಟಲಿನ ಮೇಲೂ ಎಡಗೈಯ ಬೆರಳಿಟ್ಟು ನೋಡಿದೆ. ಐದು ಮುಂದೆ, ಮೂರು ಹಿಂದೆ. ಹಿಂದಕ್ಕೆ ಹೋದ ಮೂರರ ಕಾಗದ ಉಳಿದವಕ್ಕಿಂತ ಕಪ್ಪಾಗಿತ್ತು, ಹೊಸದಾಗಿತ್ತು. ಆಗ ನನಗೆ ಮೊದಲು ನೆನಪಾದದ್ದು ಮೂರು ದಿನದ ಹಿಂದೆ ನಾನೇ ಹಾಕಿದ್ದ ಸಹಿ.

ಆಗ ನಾನು ದೆಹಲಿಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಮೂರನೆಯ ವರ್ಷದಲ್ಲಿದ್ದೆ. ಮೆಟ್ರೋ ಬಂದು ಇನ್ನೂ ಹೆಚ್ಚು ಕಾಲವಾಗಿರಲಿಲ್ಲ. ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನಿಂದ ಬಸ್ಸು ಹಿಡಿದು, ಆಮೇಲೆ ಮೆಟ್ರೋ ಹತ್ತಿ, ಬೆನ್ನಿಗೆ ಬೇಸ್ ಗಿಟಾರ್ ಹಾಕಿಕೊಂಡು ಹೋಗುತ್ತಿದ್ದೆ. ಬೇಸ್ ಎಂದರೆ ನಾಲ್ಕು ದಪ್ಪ ತಂತಿಗಳ, ತಗ್ಗಿನ ಸ್ವರಗಳ ಗಿಟಾರ್. ಮದುವೆಯ ಆರ್ಕೆಸ್ಟ್ರಾದಲ್ಲಿ ಯಾರೂ ತಿರುಗಿ ನೋಡದ ಮನುಷ್ಯ ನುಡಿಸುವ ವಾದ್ಯ ಎಂದು ನಮ್ಮ ಸಂಬಂಧಿಕರಿಗೆ ಹೇಳುತ್ತಿದ್ದೆ. ಅಷ್ಟಕ್ಕೆ ಅವರ ಪ್ರಶ್ನೆಗಳು ಮುಗಿಯುತ್ತಿದ್ದವು. ಯಾರೂ ತಿರುಗಿ ನೋಡುವುದಿಲ್ಲವೆಂಬ ಕಾರಣಕ್ಕೇ ನಾನದನ್ನು ಆರಿಸಿಕೊಂಡೆ ಎಂಬುದನ್ನು ಹೇಳುತ್ತಿರಲಿಲ್ಲ.

ಕಾಲೇಜಿನ ಸಂಗೀತದ ಕೋಣೆ ಎರಡನೆಯ ಮಹಡಿಯಲ್ಲಿತ್ತು. ಅದರ ಮೂಲೆಯಲ್ಲಿ ಬೇಸಿಗೆಂದೇ ಮಾಡಿದ ಒಂದು ಹಳೆಯ ಸ್ಪೀಕರ್ ಪೆಟ್ಟಿಗೆ ನಿಂತಿತ್ತು. ನಾನು ಹುಟ್ಟುವ ಮೊದಲು ಯಾವುದೋ ವಿದೇಶಿ ಕುಟುಂಬ ಊರು ಬಿಡುವಾಗ ಕೊಟ್ಟು ಹೋದದ್ದಂತೆ. ಎತ್ತರ ನನ್ನ ಭುಜದವರೆಗೆ. ಒಳಗೆ ಎರಡೆರಡರಂತೆ ನಾಲ್ಕು ಸಾಲಿನಲ್ಲಿ ಎಂಟು ಸ್ಪೀಕರುಗಳು. ಅಡಿಯ ನಾಲ್ಕು ಚಕ್ರಗಳಲ್ಲಿ ಒಂದು ಹೋಗಿ, ಆ ಜಾಗಕ್ಕೆ ಇಟ್ಟಿಗೆಯ ಚೂರು ಬಂದಿತ್ತು. ಕೆಳಗಿಳಿಸಲು ನಾಲ್ಕು ಜನ ಬೇಕು. ಹೊರಗಿನ ಕಾರ್ಯಕ್ರಮಕ್ಕೆ ಒಯ್ಯಲು ಟೆಂಪೋ ಬೇಕು. ಬ್ಯಾಂಡಿನವರು ಅದನ್ನು ಅಲ್ಮಾರಿ ಎನ್ನುತ್ತಿದ್ದರು. ನಾನು ಮನೆಯಲ್ಲಿ ಬೀರು ಎನ್ನುತ್ತಿದ್ದೆ.

ಮೊದಲ ವರ್ಷ, ಬ್ಯಾಂಡಿಗೆ ಆಯ್ಕೆ ನಡೆದ ದಿನ, ಕೋಣೆಯಲ್ಲಿ ನಿಲ್ಲಲು ಬೇರೆ ಜಾಗವಿಲ್ಲದೆ ಆ ಪೆಟ್ಟಿಗೆಗೆ ಒರಗಿ ನಿಂತು ನುಡಿಸಿದ್ದೆ. ಅತ್ಯಂತ ತಗ್ಗಿನ ತಂತಿಯನ್ನು ಮೀಟಿದಾಗ ಸ್ವರ ಕಿವಿಗಿಂತ ಮೊದಲು ಬೆನ್ನಿಗೆ ತಲುಪಿತು. ಕಿಟಕಿಯ ಸಡಿಲ ಗಾಜು ಅದುರಿತು. ಮಾತು ಕಡಿಮೆ ಇರುವ ನನ್ನಂಥವಳಿಗೆ ಆ ಕೋಣೆಯಲ್ಲಿ ಒಂದು ಜಾಗವಿದೆ ಎಂದು ಅವತ್ತು ಅನ್ನಿಸಿತ್ತು.

ಅದರ ಮುಂದಿನ ಬೇಸಿಗೆ ರಜೆಯಲ್ಲಿ ಮೂರು ಸ್ಪೀಕರುಗಳ ಕಾಗದ ಹರಿದಿತ್ತೆಂದು ಯಾರೋ ರಿಪೇರಿ ಮಾಡಿಸಿದರು. ರಜೆ ಮುಗಿಸಿ ಬಂದಾಗ ಸದ್ದು ಬಡವಾಗಿತ್ತು. ನನಗೆ ಹಾಗನ್ನಿಸಿತು, ಆದರೆ ಹೇಳಲಿಲ್ಲ. ಮೊದಲ ದಿನದ ನೆನಪು ದೊಡ್ಡದಾಗಿಯೇ ಉಳಿಯುತ್ತದೆ. ನೆನಪನ್ನು ಪುರಾವೆಯೆಂದು ಒಪ್ಪಲು ನನ್ನ ಓದು ಬಿಡುತ್ತಿರಲಿಲ್ಲ.

ಮೂರನೆಯ ವರ್ಷದ ಚಳಿಗಾಲದಲ್ಲಿ ಹೊಸದು ಬಂತು. ಅಂಗಡಿಯವರು ನೋಡಲೆಂದು ಬಿಟ್ಟು ಹೋಗಿದ್ದ, ಎರಡೇ ಸ್ಪೀಕರಿನ ಪುಟ್ಟ ಪೆಟ್ಟಿಗೆ. ಆಂಪ್ಲಿಫೈಯರ್ ಕೂಡ ಅದರೊಳಗೇ ಇತ್ತು. ನಮ್ಮ ಡ್ರಮ್ಮರ್ ಅದನ್ನು ಒಂದೇ ಕೈಯಲ್ಲಿ ಎತ್ತಿ ಕೋಣೆಗೆ ತಂದ. ಅವನು ಊರಿನ ಇನ್ನೊಂದು ತುದಿಯ ರೋಹಿಣಿ ಬಡಾವಣೆಯವನು, ದಿನವೂ ಬರುವಷ್ಟರಲ್ಲಿ ಅರ್ಧ ದಣಿದಿರುತ್ತಿದ್ದ. ಸಾಮಾನು ಹೊರುವ ಮಾತೆತ್ತಿದರೆ ಸಿಡುಕುತ್ತಿದ್ದ. ಅವನ ಮಾತೆಲ್ಲ ಹಿಂದಿ. ನನ್ನ ನೆನಪಿನಲ್ಲಿ ಅದು ಕನ್ನಡವಾಗಿಬಿಟ್ಟಿದೆ.

"ನೋಡು ಯಾರ್, ಇದನ್ನ ತೊಡೆ ಮೇಲಿಟ್ಕೊಂಡು ಆಟೋದಲ್ಲಿ ಹೋಗಬಹುದು. ನಿನ್ನ ಅಲ್ಮಾರಿಗೆ ಆಟೋ ಸಾಲಲ್ಲ, ಮದುವೆ ಬಾರಾತೇ ಬೇಕು."

"ಸದ್ದು ಹೇಗಿದೆ ಅಂತ ಮೊದಲು ಕೇಳೋಣ" ಎಂದೆ.

"ಅಚ್ಛಾ, ಮೇಡಮ್ ಸೈಂಟಿಸ್ಟ್. ಟೆಸ್ಟ್ ಮಾಡು. ಆಮೇಲೆ ಅಳಬಾರದು."

ಪರೀಕ್ಷೆಯ ವಿಧಾನ ನಾನೇ ಗೊತ್ತು ಮಾಡಿದೆ. ಒಂದೇ ಗಿಟಾರ್, ಒಂದೇ ಸ್ವರ, ಒಂದೇ ಮಟ್ಟ. ಎರಡೂ ಪೆಟ್ಟಿಗೆಗಳನ್ನು ಕೆಳಗಿನ ಹುಲ್ಲುಹಾಸಿಗೆ ತರಿಸಿ, ಡ್ರಮ್ಮರನ ಕೈಗೆ ಗಿಟಾರ್ ಕೊಟ್ಟು, ನಾನು ನಲವತ್ತು ಹೆಜ್ಜೆ ದೂರದಲ್ಲಿ ಬೆನ್ನು ಹಾಕಿ ನಿಂತೆ. ಎರಡರಲ್ಲೂ ಅದಲುಬದಲಾಗಿ ಹತ್ತು ಸಲ ನುಡಿಸಿದ. ಯಾವುದು ಯಾವುದೆಂದು ನನಗೆ ಹೇಳಲಾಗಲಿಲ್ಲ. ಭುಜದೆತ್ತರದ ಪೆಟ್ಟಿಗೆಯೂ ಮೊಣಕಾಲೆತ್ತರದ ಪೆಟ್ಟಿಗೆಯೂ ಒಂದೇ ಸಮ. ನಾಚಿಕೆಯಾಯಿತು, ಎರಡು ವರ್ಷ ಗಾತ್ರಕ್ಕೆ ಮರುಳಾಗಿದ್ದೆನೆಂದುಕೊಂಡೆ.

ಕಾಲೇಜಿನಲ್ಲಿ ಹೊಸದನ್ನು ಕೊಳ್ಳಬೇಕಾದರೆ ಹಳೆಯದು ಕೆಲಸಕ್ಕೆ ಬಾರದೆಂದು ವರದಿಯಾಗಬೇಕು. ಅದಕ್ಕೆ ಕಂಡೆಮ್ ಮಾಡುವುದು ಎನ್ನುತ್ತಾರೆ. ಸಂಗೀತ ಸಂಘದ ವಿದ್ಯಾರ್ಥಿ ಕಾರ್ಯದರ್ಶಿ ನಾನಾಗಿದ್ದುದರಿಂದ ವರದಿ ನನ್ನದೇ. 'ದುರಸ್ತಿಗೆ ಮೀರಿದ್ದು' ಎಂದು ಅಚ್ಚಾಗಿದ್ದ ಸಾಲಿನ ಮುಂದೆ ಸರಿ ಗುರುತು ಹಾಕಿ, ಸಹಿ ಮಾಡಿ, ಸೋಮವಾರವೇ ಕಾಲೇಜಿನ ಸ್ಟೋರಿಗೆ ಕೊಟ್ಟೆ. ಶನಿವಾರ ಗುಜರಿ ಕೊಳ್ಳುವ ಕಬಾಡಿಯವನು ಬಂದು ಒಯ್ಯುವುದೆಂದು ತೀರ್ಮಾನವಾಯಿತು.

ಬುಧವಾರ ಊಟಕ್ಕೆ ಕೂತಾಗ ಮಾತು ಬಂತು. ಅಪ್ಪ ಒಂದು ಸಚಿವಾಲಯದ ಸ್ಟೋರ್ಸ್ ವಿಭಾಗದಲ್ಲಿದ್ದರು. ಕುರ್ಚಿ, ಟೈಪ್‌ರೈಟರ್, ಕೂಲರ್‌ಗಳನ್ನು ಕಂಡೆಮ್ ಮಾಡುವ ಫೈಲುಗಳಲ್ಲೇ ಅವರ ಅರ್ಧ ಆಯುಸ್ಸು ಕಳೆದಿತ್ತು.

"ಏನಂತ ಬರೆದೆ?" ಎಂದರು, ಸಾರು ಕಲೆಸುತ್ತ.

"ದುರಸ್ತಿಗೆ ಮೀರಿದ್ದು ಅಂತ."

"ಯಾರು ಬಿಚ್ಚಿ ನೋಡಿದ್ರು?"

"ಬಿಚ್ಚಲಿಲ್ಲ. ಕೇಳಿ ನೋಡಿದ್ವಿ."

ಅಪ್ಪ ತಲೆಯೆತ್ತಲಿಲ್ಲ. "ನಮ್ಮಲ್ಲೊಂದು ಕೂಲರನ್ನ ಹೀಗೇ ಕಂಡೆಮ್ ಮಾಡಿದ್ರು. ಹರಾಜಲ್ಲಿ ತಗೊಂಡವನು ಅಲ್ಲೇ ಪ್ಲಗ್ ಬದಲಾಯಿಸಿ, ತಣ್ಣಗೆ ಗಾಳಿ ಹಾಕ್ಕೊಂಡು ಹೋದ. ನಾವೆಲ್ಲ ನೋಡ್ತಾ ನಿಂತಿದ್ವಿ."

ಅಮ್ಮ ನಕ್ಕಳು. ನನಗೆ ನಗು ಬರಲಿಲ್ಲ. 'ದುರಸ್ತಿಗೆ ಮೀರಿದ್ದು' ಎಂದು ಬರೆದವಳು ದುರಸ್ತಿಯ ಕಡೆ ನೋಡಿಯೇ ಇರಲಿಲ್ಲ. ಸದ್ದು ಸಮ ಎಂದಷ್ಟೇ ನನಗೆ ತಿಳಿದದ್ದು; ಏಕೆ ಸಮ ಎಂದು ನಾನು ಕೇಳಿರಲಿಲ್ಲ.

ಗುರುವಾರ ಮಧ್ಯಾಹ್ನದ ಪ್ರಾಕ್ಟಿಕಲ್ ಮುಗಿಸಿ ಸ್ಟೋರಿಗೆ ಹೋಗಿ ಸಂಗೀತದ ಕೋಣೆಯ ಕೀಲಿ ಕೇಳಿದೆ. ಸ್ಟೋರ್‌ಕೀಪರ್ ವಯಸ್ಸಾದವರು. ಸ್ವೆಟರಿನ ಮೇಲೆ ಸ್ವೆಟರ್ ಹಾಕಿ ಹೀಟರಿನ ಮುಂದೆ ಕೂತಿದ್ದರು.

"ಬೇಟಾ, ಇವತ್ತು ಪ್ರಾಕ್ಟೀಸ್ ಇಲ್ಲವಲ್ಲ."

"ಒಂದು ಸ್ಕ್ರೂಡ್ರೈವರ್ ಕೂಡ ಬೇಕಿತ್ತು ಅಂಕಲ್."

"ಕಬಾಡಿಗೆ ಹೋಗೋದಕ್ಕೆ ಈಗ ಸೇವೆ ಯಾಕೆ?" ಎನ್ನುತ್ತಲೇ ಡ್ರಾಯರ್ ಎಳೆದು ಕೊಟ್ಟರು. "ಐದೂವರೆಗೆ ಬೀಗ ಹಾಕ್ತೀನಿ."

ಮುಂದಿನ ಬಟ್ಟೆಯ ಚೌಕಟ್ಟು ಬಿಚ್ಚಿದೆ. ಶ್ರುತಿ ನೋಡುವ ನನ್ನ ಯಂತ್ರದಲ್ಲಿದ್ದ ಒಂಬತ್ತು ವೋಲ್ಟಿನ ಬ್ಯಾಟರಿ ತೆಗೆದು, ಎರಡು ತಂತಿ ಕಟ್ಟಿ, ಪೆಟ್ಟಿಗೆಗೆ ಸಿಕ್ಕಿಸುವ ಪ್ಲಗ್ಗಿಗೆ ಮುಟ್ಟಿಸಿದೆ. ಆಗ ಕಂಡದ್ದು, ಐದು ಮುಂದೆ, ಮೂರು ಹಿಂದೆ.

ಅದರ ಅರ್ಥ ಸರಳ. ರಿಪೇರಿ ಮಾಡಿದವರು ಮೂರು ಸ್ಪೀಕರುಗಳಿಗೆ ತಂತಿಗಳನ್ನು ಅದಲುಬದಲಾಗಿ ಜೋಡಿಸಿದ್ದರು. ಐದು ಸ್ಪೀಕರುಗಳು ಗಾಳಿಯನ್ನು ಮುಂದಕ್ಕೆ ತಳ್ಳುವ ಹೊತ್ತಿಗೆ ಮೂರು ಒಳಕ್ಕೆ ಎಳೆಯುತ್ತಿದ್ದವು. ತಗ್ಗಿನ ಸ್ವರಗಳಲ್ಲಿ ಇವು ಒಂದನ್ನೊಂದು ಅಳಿಸಿಬಿಡುತ್ತವೆ. ಐದರಲ್ಲಿ ಮೂರು ಹೋದರೆ ಎರಡು. ನಿಜವಾದ ಲೆಕ್ಕ ಇಷ್ಟು ಸಲೀಸಲ್ಲ, ಆದರೂ ಸುಮಾರಾಗಿ ಇಷ್ಟೇ. ಎಂಟು ಸ್ಪೀಕರಿನ ಬೀರು ಒಂದೂವರೆ ವರ್ಷದಿಂದ ಎರಡು ಸ್ಪೀಕರಿನ ಕೆಲಸ ಮಾಡುತ್ತ ನಿಂತಿತ್ತು, ಮತ್ತು ನಾನು ಅದನ್ನು ಎರಡು ಸ್ಪೀಕರಿನ ಹೊಸದಕ್ಕೆ ಹೋಲಿಸಿ ಸಮ ಎಂದಿದ್ದೆ. ನನ್ನ ಪರೀಕ್ಷೆ ತಪ್ಪಾಗಿರಲಿಲ್ಲ. ಆದರೆ ಅದನ್ನು ನಂಬಿ ನಾನು ಬರೆದ ವಾಕ್ಯ ಸುಳ್ಳಾಗಿತ್ತು.

ಮೂರನ್ನೂ ಒಂದೊಂದಾಗಿ ಬಿಚ್ಚಿ, ತಂತಿ ಬದಲಿಸಿ, ಮತ್ತೆ ಕೂರಿಸಿದೆ. ಒಂದು ತಿರುಪು ತುಕ್ಕು ಹಿಡಿದು ಇಪ್ಪತ್ತು ನಿಮಿಷ ತಿಂದಿತು. ಹೆಬ್ಬೆರಳ ಬುಡದ ಚರ್ಮ ಎದ್ದಿತು. ಬ್ಯಾಟರಿ ಮುಟ್ಟಿಸಿದೆ: ಎಂಟೂ ಮುಂದೆ. ಹಳೆಯ ಆಂಪ್ಲಿಫೈಯರಿಗೆ ಜೋಡಿಸಿ, ಗಿಟಾರ್ ಹಾಕಿಕೊಂಡು, ತಗ್ಗಿನ ತಂತಿಯನ್ನು ಒಮ್ಮೆ ಮೀಟಿದೆ.

ಕಾರಿಡಾರಿನ ಕೊನೆಯಲ್ಲಿ ಯಾರೋ "ಅರೇ" ಎಂದರು. ಸ್ವಲ್ಪ ಹೊತ್ತಿಗೆ ಡ್ರಮ್ಮರ್ ಬಾಗಿಲಲ್ಲಿ ನಿಂತಿದ್ದ, ಕೈಯಲ್ಲಿ ಅರ್ಧ ತಿಂದ ಸಮೋಸಾ.

"ಕೆಳಗೆ ಕ್ಯಾಂಟೀನಿನ ಮೇಜಿನವರೆಗೂ ಸದ್ದು ತಾಕ್ತು. ಏನು ಮಾಡಿದೆ?"

ತೋರಿಸಿದೆ. ಅವನು ಬಗ್ಗಿ ನೋಡಿದ. ಗಿಟಾರ್ ಇಸಿದುಕೊಂಡು ತಾನೇ ಒಮ್ಮೆ ಮೀಟಿದ. ಮುಖದಲ್ಲಿ ಸಂತೋಷ ಬಂದದ್ದನ್ನು ಕಂಡೆ, ಹೋದದ್ದನ್ನೂ ಕಂಡೆ.

"ಯಾರಿಗಾದ್ರೂ ಹೇಳಿದ್ಯಾ?"

"ಇನ್ನೂ ಇಲ್ಲ."

"ಹೇಳಬೇಡ. ಇದು ಕಂಡೆಮ್ ಆದ್ರೇನೇ ಹೊಸದಕ್ಕೆ ಮಂಜೂರಿ. ಇದು ಸರಿ ಇದೆ ಅಂದ್ರೆ ಅಂಗಡಿಯವನು ಸೋಮವಾರ ಬಂದು ಹೊಸದನ್ನ ಎತ್ಕೊಂಡು ಹೋಗ್ತಾನೆ. ಮುಂದಿನ ತಿಂಗಳು ಐದು ಕಾಲೇಜಿಗೆ ನುಡಿಸೋಕೆ ಹೋಗಬೇಕು. ಈ ದೆವ್ವಾನ ಯಾರು ಹೊರ್ತಾರೆ? ನೀನಾ?"

"ನಾನೂ ಹೊರ್ತೀನಿ."

"ನಾಲ್ಕು ಜನ ಬೇಕು ಮೇಡಮ್. ನೀನು ಒಬ್ಬಳು." ಸಮೋಸಾದ ಚೂರು ಬಾಯಿಗೆ ಹಾಕಿಕೊಂಡ. "ಸಹಿ ಬೇರೆ ನಿಂದೇ. ಈಗ ಹೋಗಿ ತಪ್ಪಾಯ್ತು ಅಂತೀಯಾ? ಫಿಸಿಕ್ಸ್ ಆನರ್ಸ್? ನಗ್ತಾರೆ."

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಇದನ್ನು ಬರೆಯುವ ಹೊತ್ತಿಗೆ ನಾನು ಓಖ್ಲಾದ ಒಂದು ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದೇನೆ, ಭಾನುವಾರಗಳಲ್ಲಿ ನುಡಿಸುತ್ತೇನೆ, ನನ್ನ ಹತ್ತಿರ ಇರುವುದು ಮೊಣಕಾಲೆತ್ತರದ ಪೆಟ್ಟಿಗೆಯೇ. ಒಬ್ಬಳೇ ಎತ್ತಿ ಆಟೋಗೆ ಹಾಕುತ್ತೇನೆ, ಯಾರ ಹಂಗೂ ಇಲ್ಲ. ಮೆಟ್ಟಿಲುಗಳ ಊರಿನಲ್ಲಿ ಚಿಕ್ಕದಕ್ಕೆ ತನ್ನದೇ ನ್ಯಾಯವಿದೆ, ಅದು ನನಗೆ ಅಂದೂ ಗೊತ್ತಿತ್ತು. ಆದರೆ ಅವತ್ತು ನನಗೆ ಕಂಡದ್ದು ಬೇರೆ: ಶನಿವಾರ ಆ ಹಳೆಯ ಪೆಟ್ಟಿಗೆಯನ್ನು ಸುತ್ತಿಗೆಯಿಂದ ಒಡೆದು ಮರ ಬೇರೆ, ಕಬ್ಬಿಣ ಬೇರೆ, ಅಯಸ್ಕಾಂತ ಬೇರೆ ಮಾಡುತ್ತಾರೆ, ಮತ್ತು ಅದು ನನ್ನ ಸಹಿಯಿಂದ ಆಗುತ್ತದೆ. ಆಮೇಲೆ ಯಾವ ವರದಿ ಬರೆದರೂ ಅದು ಮತ್ತೆ ಪೆಟ್ಟಿಗೆಯಾಗುವುದಿಲ್ಲ.

"ಯೋಚನೆ ಮಾಡ್ತೀನಿ" ಎಂದೆ ಅವನಿಗೆ. ಯೋಚನೆ ಮುಗಿದಿತ್ತು.

ಸಂಜೆ ಮನೆಗೆ ಬಂದು, ಕೈ ತೊಳೆದು, ಪೇಪರ್ ಓದುತ್ತಿದ್ದ ಅಪ್ಪನ ಹತ್ತಿರ ಒಂದೇ ಪ್ರಶ್ನೆ ಕೇಳಿದೆ. ಕೊಟ್ಟ ವರದಿಯನ್ನು ಹಿಂದಕ್ಕೆ ಪಡೆಯುವುದು ಹೇಗೆ?

"ಹಿಂದಕ್ಕೆ ಪಡೆಯೋಕಾಗಲ್ಲ. ಫೈಲಿಗೆ ಹೋಗಿದ್ದು ಹೋಯ್ತು. ಇನ್ನೊಂದು ಬರೀಬಹುದು." ಕನ್ನಡಕ ತೆಗೆದರು. "ಮೊದಲಿನ ವರದಿ ತಪ್ಪಾಗಿತ್ತು ಅಂತ ಮೊದಲನೇ ಸಾಲಲ್ಲೇ ಬರೀಬೇಕಮ್ಮ. ಕೊನೇಲಿ ಬರೆದ್ರೆ ಯಾರೂ ಅಲ್ಲಿವರೆಗೆ ಓದಲ್ಲ."

"ನಿಮ್ಮ ಆಫೀಸಲ್ಲಿ ಯಾರಾದ್ರೂ ಹಾಗೆ ಬರೆದಿದ್ದಾರಾ?"

ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡರು. "ನನ್ನ ಸರ್ವೀಸಲ್ಲಿ ನೋಡಿಲ್ಲ."

ಎರಡು ಹಾಳೆ ಬರೆದೆ. ಒಂದರಲ್ಲಿ, ನನ್ನ ಮೊದಲಿನ ವರದಿ ತಪ್ಪು, ದೋಷ ತಂತಿಯ ಜೋಡಣೆಯಲ್ಲಿತ್ತು, ಸರಿಪಡಿಸಲಾಗಿದೆ, ಪೆಟ್ಟಿಗೆ ಪೂರ್ತಿ ಕೆಲಸ ಮಾಡುತ್ತಿದೆ. ಇನ್ನೊಂದರಲ್ಲಿ, ಹೊರಗಿನ ಕಾರ್ಯಕ್ರಮಗಳಿಗೆ ಒಯ್ಯಲು ಒಂದು ಚಿಕ್ಕ ಪೆಟ್ಟಿಗೆ ಬೇಕು, ಕಾರಣ ಎರಡನೆಯ ಮಹಡಿಯ ಮೆಟ್ಟಿಲು ಮತ್ತು ಸಾಗಣೆ, ಹಳೆಯದರ ದೋಷವಲ್ಲ. ಎರಡನೆಯದಕ್ಕೆ ಆ ವರ್ಷ ಮಂಜೂರಿ ಸಿಗುವುದಿಲ್ಲವೆಂದು ಬರೆಯುವಾಗಲೇ ಗೊತ್ತಿತ್ತು. ಆದರೂ ಬರೆದೆ, ಯಾಕೆಂದರೆ ಅದೂ ನಿಜವಾಗಿತ್ತು.

ಮರುದಿನ ಬೆಳಿಗ್ಗೆ ಮಂಜು ದಟ್ಟವಾಗಿತ್ತು. ಆರು ಗಂಟೆಯ ಬಸ್ಸು ಹಿಡಿದು, ಸ್ಟೋರಿನ ಬಾಗಿಲು ತೆರೆಯುವ ಮೊದಲೇ ಅಲ್ಲಿ ನಿಂತಿದ್ದೆ. ಸ್ಟೋರ್‌ಕೀಪರ್ ಮಫ್ಲರ್ ಬಿಚ್ಚದೆಯೇ ಹಾಳೆಗಳನ್ನು ಓದಿದರು.

"ಬೇಟಾ, ಇದರಲ್ಲಿ ನೀನು ನಿನ್ನದೇ ತಪ್ಪು ಅಂತ ಬರೆದಿದ್ದೀಯ."

"ಹಾಂ ಜಿ."

"ಹೊಸದು ವಾಪಸ್ ಹೋಗುತ್ತೆ."

"ಗೊತ್ತು ಅಂಕಲ್."

ಅವರು ಹಾಳೆಗಳನ್ನು ಫೈಲಿಗೆ ಸೇರಿಸಿದರು. ಕಬಾಡಿಗೆ ಕೊಡುವ ಸಾಮಾನಿನ ಪಟ್ಟಿ ತಂದು ನನ್ನ ಮುಂದೆ ಇಟ್ಟರು. ಮುರಿದ ಬೆಂಚುಗಳಿಗೂ ಒಂದು ಸೈಕ್ಲೋಸ್ಟೈಲ್ ಯಂತ್ರಕ್ಕೂ ನಡುವೆ ಇದ್ದ ಸಾಲನ್ನು ಹೊಡೆದು ಹಾಕಿ, ಪಕ್ಕದಲ್ಲಿ ಸಹಿ ಮಾಡಿದೆ. ನಂತರ ಗೇಟಿಗೆ ಹೋಗಿ ಡ್ರಮ್ಮರ್ ಬರುವವರೆಗೆ ಕಾದೆ. ಇದು ಅವನಿಗೆ ಬೇರೆಯವರಿಂದ ತಿಳಿಯುವುದು ನನಗೆ ಬೇಕಿರಲಿಲ್ಲ. ಅವನು ಕೇಳಿಸಿಕೊಂಡು, "ಠೀಕ್ ಹೈ" ಎಂದಷ್ಟೇ ಹೇಳಿ ಒಳಗೆ ಹೋದ. ಹಿಂತಿರುಗಿ ನೋಡಲಿಲ್ಲ.

ಮೊದಲ ಕ್ಲಾಸಿಗೆ ಇನ್ನೂ ಅರ್ಧ ಗಂಟೆಯಿತ್ತು. ಸಂಗೀತದ ಕೋಣೆಗೆ ಹತ್ತಿ, ಹೊಸ ಪೆಟ್ಟಿಗೆಯ ಮೇಲಿದ್ದ ಬೆರಳ ಗುರುತುಗಳನ್ನು ಒರೆಸಿದೆ. ತಂತಿಯನ್ನು ಬಂದಿದ್ದ ಹಾಗೆಯೇ ಸುತ್ತಿ, ಎರಡೂ ಬದಿಗೆ ಥರ್ಮೋಕೋಲ್ ಕೂರಿಸಿ, ಕಾರ್ಟನ್ನಿಗೆ ಹಾಕಿ ಟೇಪ್ ಅಂಟಿಸಿದೆ. ಅದನ್ನು ಎದೆಗೊರಗಿಸಿಕೊಂಡು, ಎರಡು ಮಹಡಿಯ ಮೆಟ್ಟಿಲುಗಳನ್ನು ಎಲ್ಲಿಯೂ ನಿಲ್ಲದೆ ಇಳಿದು, ಸ್ಟೋರಿನ ಮೇಜಿನ ಮೇಲಿಟ್ಟೆ.