ಕಂಪೌಂಡರ್ ಹರಿದಾಸರ ಮಣ್ಣಿಲ್ಲದ ತುಳಸಿ

ಬಂಟ್ವಾಳದ ಕಡೆಗೆ ಹೋಗುವ ಮೊದಲ ಬಸ್ಸು ಪಡೀಲಿಗೆ ಇನ್ನೂ ಬಂದಿಲ್ಲ. ರಸ್ತೆ ಬದಿಯ ಮಹಡಿ ಮನೆಯೊಂದರ ಬಾಲ್ಕನಿಯಲ್ಲಿ ಹರಿದಾಸ ಭಟ್ಟರು ಟಾರ್ಚ್ ಹಿಡಿದು ಕುಕ್ಕರಗಾಲಿನಲ್ಲಿ ಕುಳಿತಿದ್ದಾರೆ. ಅವರ ಮುಂದೆ ಹಲಗೆಯ ಮೇಲೆ ಹಾರ್ಲಿಕ್ಸಿನ ಖಾಲಿ ಬಾಟಲಿಗಳ ಸಾಲು. ಪ್ರತಿಯೊಂದಕ್ಕೂ ಕಪ್ಪು ಕಾಗದದ ಅಂಗಿ, ಮುಚ್ಚಳದಲ್ಲಿ ಒಂದು ತೂತು, ತೂತಿನಲ್ಲಿ ತೆಂಗಿನ ನಾರಿನ ಮುದ್ದೆ. ಆ ನಾರಿನ ನಡುವಿನಿಂದ ಒಂದು ಬಾಟಲಿಯಲ್ಲಿ ಹರಿವೆ ತಲೆ ಎತ್ತಿದೆ, ಇನ್ನೊಂದರಲ್ಲಿ ಬಸಳೆಯ ಕುಡಿ ಬಾಲ್ಕನಿಯ ಸರಳನ್ನು ಹುಡುಕುತ್ತಿದೆ. ಭಟ್ಟರು ಒಂದು ಮುಚ್ಚಳವನ್ನು ಗಿಡದ ಸಮೇತ ಮೆಲ್ಲಗೆ ಎತ್ತಿ ಬೇರಿಗೆ ಬೆಳಕು ಹಿಡಿಯುತ್ತಾರೆ.

"ಬೆಳ್ಳಗೆ ಉಂಟಲ್ಲ, ಇದಕ್ಕೆ ಹಸಿವೆ ಉಂಟು ಅಂತ ಲೆಕ್ಕ. ಕಂದು ಬಣ್ಣ ಬಂತೋ, ಉಸಿರು ಕಟ್ಟಿದೆ ಅಂತ," ಎನ್ನುತ್ತಾರೆ.

ಈ ಬಾಲ್ಕನಿಯಲ್ಲಿ ಹುಡುಕಿದರೂ ಹಿಡಿ ಮಣ್ಣು ಸಿಗುವುದಿಲ್ಲ. ಗಿಡಗಳೆಲ್ಲ ನಿಂತಿರುವುದು ಉಪ್ಪುಗಳನ್ನು ಕರಗಿಸಿದ ನೀರಿನ ಮೇಲೆ. ಪೆಟ್ಲುಪ್ಪು, ಎಪ್ಸಮ್ ಸಾಲ್ಟ್, ಸೂಪರ್ ಫಾಸ್ಫೇಟ್ ನೆನೆಹಾಕಿ ಬಸಿದ ತಿಳಿ, ಚಿಟಿಕೆ ಅನ್ನಭೇದಿ. ಕೊನೆಯದು, ರಕ್ತ ಕಡಿಮೆಯಾದ ಬಾಣಂತಿಯರಿಗೆ ಕೊಡುವ ಅದೇ ಕಬ್ಬಿಣದ ಉಪ್ಪು. ಬಾಟಲಿಯನ್ನು ಒಮ್ಮೆ ತುಂಬಿಸಿಟ್ಟರೆ ಆಯಿತು. ಪಂಪು ಬೇಡ, ಕರೆಂಟು ಬೇಡ. ಗಿಡ ಕುಡಿದಂತೆ ನೀರು ಇಳಿಯುತ್ತದೆ, ನೀರನ್ನು ಅರಸಿ ಬೇರೂ ಇಳಿಯುತ್ತದೆ. ಮೇಲೆ ಉಳಿದ ಬೇರು ಬಾಟಲಿಯೊಳಗಿನ ಗಾಳಿಯಲ್ಲಿ ಉಸಿರಾಡುತ್ತದೆ. ಕೆಮ್ಮಿನ ಔಷಧಕ್ಕೆ ಬರುತ್ತಿದ್ದ ಸಸ್ಯಶಾಸ್ತ್ರದ ಮೇಷ್ಟರೊಬ್ಬರು ಇದನ್ನು ಅವರಿಗೆ ಹೇಳಿಕೊಟ್ಟರಂತೆ. "ಅವರಿಗೆ ನಾನು ಕೊಟ್ಟದ್ದು ಕೆಮ್ಮಿನ ಮಿಕ್ಸ್ಚರು, ಅವರು ನನಗೆ ಕೊಟ್ಟದ್ದು ಗಿಡದ ಮಿಕ್ಸ್ಚರು," ಎಂದು ಭಟ್ಟರು ನಗುತ್ತಾರೆ.

ಹರಿದಾಸ ಭಟ್ಟರು ಊರಿನ ಒಂದು ಡಿಸ್ಪೆನ್ಸರಿಯಲ್ಲಿ ಕಂಪೌಂಡರು. ಬೆಳಿಗ್ಗೆ ಎಂಟಕ್ಕೆ ಸಣ್ಣ ಕಿಟಕಿಯ ಹಿಂದೆ ನಿಂತರೆ ಮಧ್ಯಾಹ್ನದವರೆಗೆ ಕೂರಲು ಸಮಯವಿಲ್ಲ. ದಿನಕ್ಕೆ ಎಪ್ಪತ್ತು ಎಂಬತ್ತು ಜನ. ಕೆಂಪು ನೀರು, ಹಳದಿ ನೀರು ಎಂದು ಜನ ಕರೆಯುವ ಔಷಧಗಳನ್ನು ಅಳೆದು, ಬೆರೆಸಿ, ಬಾಟಲಿಯ ಬದಿಗೆ ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿ, ಒಂದು ಹಲ್ಲಿಗೆ ಒಂದು ಡೋಸು ಎಂದು ತಿಳಿಸಿ ಕಳಿಸುವುದು ಅವರ ವೃತ್ತಿ. ಈಚೆಗೆ ಅದೂ ಕಡಿಮೆಯಾಗಿದೆ. "ಈಗೆಲ್ಲ ಮಾತ್ರೆಯ ಸ್ಟ್ರಿಪ್ಪು ಮಾರಾಯ್ರೆ. ಕತ್ತರಿಸಿ ಕೊಟ್ಟರೆ ಆಯ್ತು. ನನ್ನ ಕೆಲಸ ಕತ್ತರಿ ಮಾಡ್ತದೆ." ಹೇಳುವಾಗ ಬೇಸರವೇನೂ ಕಾಣುವುದಿಲ್ಲ. ಹಲ್ಲಿನ ಪಟ್ಟಿಗಳು ಈಗ ಬಾಲ್ಕನಿಯ ಬಾಟಲಿಗಳಿಗೆ ಅಂಟಿವೆ. ಹರಿವೆ ಎಷ್ಟು ಕುಡಿಯಿತು ಎಂದು ಅವರು ಹಲ್ಲೆಣಿಸಿ ಹೇಳುತ್ತಾರೆ.

ಎದುರು ಮನೆಯ ತೆರೆಸಾ ಬಾಯಿ ಮೊದಲು ಈ ಹರಿವೆಯನ್ನು ಮುಟ್ಟುತ್ತಿರಲಿಲ್ಲ. "ಔಷಧ ಕುಡಿದ ಹರಿವೆ ತಿಂದ್ರೆ ನಾನು ಪುನಃ ಡಾಕ್ಟರ ಹತ್ರ ಹೋಗ್ಬೇಕು, ಅಲ್ವಾ ಭಟ್ರೆ? ನಿಮ್ಮದೇ ವ್ಯಾಪಾರ!" ಎಂದು ಚುಚ್ಚುತ್ತಿದ್ದರು. ಈಗ ವಾರಕ್ಕೆರಡು ಕಟ್ಟು ಅವರೇ ಬಂದು ಒಯ್ಯುತ್ತಾರೆ, ಬದಲಿಗೆ ಖಾಲಿ ಬಾಟಲಿ ತಂದು ಕೊಡುತ್ತಾರೆ.

ಆದರೆ ಭಟ್ಟರು ಇದನ್ನು ಹಿಡಿದದ್ದು ಹರಿವೆಗಾಗಿ ಅಲ್ಲ, ತಾಯಿಗಾಗಿ.

ಅವರ ತಂದೆ ಗುರುಪುರ ಹೊಳೆಯ ಆಚೆಗಿನ ಸಣ್ಣ ದೇವಸ್ಥಾನವೊಂದರಲ್ಲಿ ಪೂಜೆಗಿದ್ದವರು. ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ಅವರು ದೇವರ ಪಾದ ಸೇರಿದರು. ಮನೆ ದೇವಸ್ಥಾನದ್ದು, ಹೊಸ ಅರ್ಚಕರಿಗೆ ಬಿಟ್ಟುಕೊಡಬೇಕಾಯಿತು. ತಾಯಿ ಮನೋರಮಮ್ಮ ಮಗನ ಜೊತೆ ಪಡೀಲಿಗೆ ಬಂದರು. ಬರುವಾಗ ಅಂಗಳದ ತುಳಸಿಯ ಕದಿರು ಉಜ್ಜಿ, ಬೀಜವನ್ನು ಹಿತ್ತಾಳೆಯ ಕರಡಿಗೆಯಲ್ಲಿ ತುಂಬಿಕೊಂಡಿದ್ದರು. ಮದುವೆಯಾಗಿ ಬಂದ ಮರುದಿನದಿಂದ ಆ ತುಳಸಿಗೆ ನೀರೆರೆಯದೆ ಒಂದು ಗುಟುಕು ಕಾಫಿಯನ್ನೂ ಕುಡಿಯದ ಹೆಂಗಸು ಅವರು.

ಮನೆಯ ಮಾಲಿಕ ಗುಣಪಾಲ ಶೆಟ್ಟರಿಗೆ ಕೆಳಗೆ ದಿನಸಿ ಅಂಗಡಿ. ಅವರದು ಒಂದೇ ಕರಾರು. "ಬಾಡಿಗೆ ಎರಡು ದಿನ ತಡ ಆದ್ರೂ ನಾನು ಮಾತಾಡುದಿಲ್ಲ ಭಟ್ರೆ. ಆದ್ರೆ ಮೇಲೆ ಮಣ್ಣು ಮಾತ್ರ ಬರಬಾರದು. ಹಿಂದಿನವರು ಹೂವಿನ ಚಟ್ಟಿ ಇಟ್ಟು, ಮಳೆಗೆ ಸೋರಿ ನನ್ನ ಸಕ್ಕರೆ ಮೂಟೆ ಪಾನಕ ಆಗಿತ್ತು ಮಾರಾಯ್ರೆ!"

ಮಣ್ಣಿಲ್ಲದೆ ತುಳಸಿ ಎಲ್ಲಿಂದ? ಮನೋರಮಮ್ಮ ಬೆಳಿಗ್ಗೆ ಮಿಂದು ಬಾಲ್ಕನಿಗೆ ಬಂದು, ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಒಳಗೆ ಹೋಗುತ್ತಿದ್ದರು. ಕಾಫಿ ಆರುತ್ತಿತ್ತು. ಗಂಜಿಗೂ ಮಧ್ಯಾಹ್ನ ದಾಟುತ್ತಿತ್ತು. ಸೊಸೆ ನೀರಜಾಕ್ಷಿ ಕರೆದರೆ, "ಹಸಿವೆ ಇಲ್ಲ ಮಗಾ" ಎನ್ನುವುದು. ಹೋದವರ ಜಾಗವನ್ನು ತುಂಬಲು ಯಾರಿಂದಲೂ ಆಗುವುದಿಲ್ಲ. ಅವರಿದ್ದಾಗ ನಡೆಯುತ್ತಿದ್ದ ಒಂದು ಕೆಲಸವಾದರೂ ನಿಲ್ಲದೆ ನಡೆದರೆ ಉಳಿದವರಿಗೆ ಬೆಳಗಾಗುತ್ತದೆ. ಮನೋರಮಮ್ಮನಿಗೆ ಬೆಳಗಾಗುತ್ತಿರಲಿಲ್ಲ. ಆ ಮಳೆಗಾಲ ಮುಗಿಯುವಾಗ ಅವರ ಕೈಬಳೆ ಮೊಣಕೈವರೆಗೆ ಏರುತ್ತಿತ್ತು.

ಆಗ ಭಟ್ಟರಿಗೆ ಮೇಷ್ಟರ ಮಾತು ನೆನಪಾಯಿತು. ಒದ್ದೆ ನಾರಿನಲ್ಲಿ ತುಳಸಿ ಬೀಜ ಮೊಳೆಯಿಸಿ, ಹಳೆಯ ಉಪ್ಪಿನಕಾಯಿ ಭರಣಿಯಲ್ಲಿ ಗಿಡದ ಮಿಕ್ಸ್ಚರು ತುಂಬಿಸಿ, ಮರದ ಮುಚ್ಚಳದ ತೂತಿನಲ್ಲಿ ಗಿಡವನ್ನು ಕೂರಿಸಿದರು. ಗುಣಪಾಲ ಶೆಟ್ಟರು ಮೇಲೆ ಬಂದು ಭರಣಿಯೊಳಗೆ ಬಗ್ಗಿ ನೋಡಿದರು. "ಮಣ್ಣಿಲ್ಲ. ಮಣ್ಣಿಲ್ಲದ್ದಕ್ಕೆ ನಾನು ಎಂತ ಹೇಳುದು?" ಎಂದು ಇಳಿದು ಹೋದರು.

ಭಟ್ಟರು ತಾಯಿಗೆ ಒಂದೇ ಮಾತು ಹೇಳಿದ್ದರು. "ಅಮ್ಮ, ಇದಕ್ಕೆ ನೀರು ಹಾಕ್ಬೇಡ. ಬೇಕಾದ ನೀರು ಒಳಗೇ ಉಂಟು." ಮನೋರಮಮ್ಮ ಆಗಲಿ ಎಂದರು.

ಮೊದಲ ಗಿಡ ಅಂಗೈ ಅಗಲವಾಗುವಾಗ ಬಾಡಿತು. ಭರಣಿಗೆ ಉಪ್ಪಿನಕಾಯಿಯ ಉಪ್ಪು ಹಿಡಿದಿರಬೇಕೆಂದು ಭಟ್ಟರು ಅದನ್ನು ಕುದಿನೀರಿನಲ್ಲಿ ತೊಳೆದರು. ಎರಡನೆಯದೂ ಹಾಗೇ ಆಯಿತು. ಔಷಧ ಖಾರವಾಯಿತೆಂದು ತೆಳ್ಳಗೆ ಮಾಡಿದರು. ಮೂರನೆಯದು ನೀರನ್ನೇ ಕುಡಿಯುತ್ತಿಲ್ಲ! ಕಡ್ಡಿ ಇಳಿಸಿ ನೋಡಿದರೆ ದಿನವೂ ಕಂಠದವರೆಗೆ ನೀರು. ಜ್ವರದ ಮಗು ಗಂಜಿ ಬಿಟ್ಟ ಹಾಗೆ ಎಂದು ಅವರಿಗೆ ದಿಗಿಲು. ಅದರ ಬೇರೂ ಕಂದಾಗಿ ಕೊಳೆಯಿತು.

ಒಂದು ದಿನ ಟಾರ್ಚ್ ಹುಡುಕುತ್ತಾ ಬೇಗ ಎದ್ದವರಿಗೆ ಕಂಡದ್ದು ಇದು. ತಾಯಿ ಒದ್ದೆ ಸೀರೆಯಲ್ಲಿ, ಕಣ್ಣು ಮುಚ್ಚಿ, ಸತ್ತ ಗಿಡದ ಬುಡಕ್ಕೆ ತುಂಬಿದ ಚೊಂಬು ಎರೆಯುತ್ತಿದ್ದಾರೆ.

"ಅಮ್ಮ! ನೀರು ಹಾಕ್ಬೇಡ ಅಂತ ಹೇಳಿದ್ದೆ ಅಲ್ವಾ?"

"ನೀರು ಎಲ್ಲಿ ಹಾಕಿದೆ? ಇದು ಅರ್ಘ್ಯ. ಗಿಡದ ನೀರು ನಿನ್ನದು, ನಾನು ಅದನ್ನು ಮುಟ್ಲಿಕ್ಕೇ ಇಲ್ಲ."

ಭಟ್ಟರು ಮುಚ್ಚಳ ಎತ್ತಿ ಬೇರು ತೋರಿಸಿ, ಮೇಲಿನ ಬೇರಿಗೆ ಗಾಳಿ ಬೇಕೆಂದು ವಿವರಿಸಿದರು. ವಿವರಿಸಬಾರದಿತ್ತು ಎಂದು ಅವರಿಗೆ ಕೂಡಲೇ ಅನ್ನಿಸಿತು. ಮನೋರಮಮ್ಮ ಚೊಂಬನ್ನು ಕೆಳಗಿಟ್ಟರು. "ಮೂರನ್ನೂ ನನ್ನ ಕೈಯೇ ಕೊಂದದ್ದಾ ಹಾಗಾದ್ರೆ?" ಎಂದರು. ಮತ್ತೆ ಬಾಲ್ಕನಿಗೆ ಬರಲಿಲ್ಲ. ಕರಡಿಗೆಯಲ್ಲಿ ಉಳಿದಿದ್ದ ಚಿಟಿಕೆ ಬೀಜವನ್ನು ಮಗನ ಕೈಗೆ ಕೊಟ್ಟು, "ನೀನೇ ನೋಡಿಕೊ. ನನಗೆ ತೋರಿಸ್ಬೇಡ," ಎಂದರು. ಆ ಬೀಜ ಹೋದರೆ ಆ ಅಂಗಳದ ತುಳಸಿ ಮುಗಿಯಿತು. ತುಳಸಿಯನ್ನು ಉಳಿಸಬೇಕಾದರೆ ತಾಯಿಯನ್ನು ದೂರವಿಡಬೇಕು. ದೂರವಿಟ್ಟರೆ ತಾಯಿ ಉಣ್ಣುವುದಿಲ್ಲ.

"ಪಕ್ಕಕ್ಕೆ ಎರೆಯಿರಿ ಅತ್ತೆ, ಕೆಳಗೆ ತಟ್ಟೆ ಇಡ್ತೇನೆ," ಎಂದು ನೀರಜಾಕ್ಷಿ ಹೇಳಿ ನೋಡಿದರು. "ತಟ್ಟೆಗೆ ಎರೆದ್ರೆ ತಟ್ಟೆಗೆ ಪುಣ್ಯ," ಎಂದು ಉತ್ತರ ಬಂತು.

ನಾಲ್ಕನೆಯ ಗಿಡ ಬೆಳೆಯಿತು. ಬೇರು ಬೆಳ್ಳಗೆ ಇಳಿಯಿತು. ಭಟ್ಟರು ದಿನವೂ ಕಡ್ಡಿ ಇಳಿಸಿ, ಗಿಡ ಕುಡಿದಷ್ಟನ್ನು ಡಿಸ್ಪೆನ್ಸರಿಯ ಅಳತೆಯ ಗ್ಲಾಸಿನಲ್ಲಿ ಅಳೆದರು. (ಆ ಕಡ್ಡಿಯೂ ಕಸ ಗುಡಿಸುವ ಹಿಡಿಸೂಡಿಯಿಂದ ಎಳೆದದ್ದಾಗಬಾರದು, ತೆಂಗಿನ ಹಸಿ ಗರಿಯಿಂದ ಸೀಳಿದ್ದೇ ಆಗಬೇಕೆಂದು ಒಳಗಿನಿಂದ ತಾಯಿಯ ಅಪ್ಪಣೆಯಾಗಿತ್ತು.) ಆಮೇಲೆ ದೇವರ ಕೋಣೆಗೆ ಹೋಗಿ, ತಂದೆ ಸಂಧ್ಯಾವಂದನೆಗೆ ಬಳಸುತ್ತಿದ್ದ ಚಮಚದಷ್ಟೇ ದೊಡ್ಡ ಉದ್ಧರಣೆಯನ್ನು ತಂದು ಅದರಲ್ಲಿ ಹಿಡಿಯುವ ನೀರನ್ನೂ ಅದೇ ಗ್ಲಾಸಿಗೆ ಸುರಿದು ನೋಡಿದರು. ಗಿಡ ಒಂದು ದಿನಕ್ಕೆ ಕುಡಿಯುವುದು ಅದರ ಅನೇಕ ಪಟ್ಟು. ಉದ್ಧರಣೆಯಷ್ಟು ನೀರು ಬಿದ್ದರೂ ಭರಣಿಯ ನೀರು ಏರುವುದಿಲ್ಲ, ಬೇರಿನ ಗಾಳಿ ಕೆಡುವುದಿಲ್ಲ.

ಇದನ್ನು ತಾಯಿಗೆ ಬಾಯಲ್ಲಿ ಹೇಳಲು ಅವರಿಗೆ ಧೈರ್ಯ ಬರಲಿಲ್ಲ. ವೃತ್ತಿಯಲ್ಲಿ ಕಲಿತದ್ದನ್ನೇ ಮಾಡಿದರು. ಡಿಸ್ಪೆನ್ಸರಿಯ ಚೀಟಿಯೊಂದನ್ನು ಬರೆದು ಭರಣಿಗೆ ಅಂಟಿಸಿ, ಪಕ್ಕದಲ್ಲಿ ಉದ್ಧರಣೆ ಇಟ್ಟು, ಕೆಲಸಕ್ಕೆ ಹೋದರು.

ನೀರಜಾಕ್ಷಿ ಅತ್ತೆಯ ಕೈ ಹಿಡಿದು ಬಾಲ್ಕನಿಗೆ ಕರೆತಂದರು. ಮನೋರಮಮ್ಮ ಕನ್ನಡಕ ಏರಿಸಿ ಓದಿದರು. "ತುಳಸಿ. ದಿನಕ್ಕೆ ಒಂದು ಸಲ. ಸ್ನಾನದ ನಂತರ ಒಂದು ಉದ್ಧರಣೆ. ಹೆಚ್ಚು ಕೊಡಬಾರದು. ಕುಲುಕಬಾರದು."

"ಕುಲುಕಬಾರದಂತೆ!" ಎಂದರು ಮನೋರಮಮ್ಮ. "ತುಳಸಿಯನ್ನು ಯಾರಾದ್ರೂ ಕುಲುಕ್ತಾರಾ? ಎಂತ ಮರ್ಲು ಇವನಿಗೆ!" ಸರಳು ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು.

"ಮಾವ ಹೋದ ಮೇಲೆ ಈ ಮನೆಯಲ್ಲಿ ಆ ಶಬ್ದ ಕೇಳ್ಲೇ ಇಲ್ಲ," ಎಂದು ನೀರಜಾಕ್ಷಿ ನೆನೆಯುತ್ತಾರೆ. "ನಗಾಡಿ ಆದ ಮೇಲೆ ಒಂದು ಉದ್ಧರಣೆ ಎರೆದ್ರು. ಒಂದೇ. ಮತ್ತೆ ಒಳಗೆ ಬಂದು, ಕಾಫಿ ಬಿಸಿ ಉಂಟಾ ಅಂತ ಕೇಳಿದ್ರು."

ಅದು ನಾಲ್ಕು ವರ್ಷದ ಹಿಂದಿನ ಮಾತು. ಈಗ ಭರಣಿಯ ತುಳಸಿ ಸೊಂಟದೆತ್ತರ ಬೆಳೆದಿದೆ. ನೀರು ಸಾಕಷ್ಟು ಇಳಿದಾಗ ಭಟ್ಟರು ಅರ್ಧದವರೆಗೆ ಮಾತ್ರ ಹೊಸ ಮಿಕ್ಸ್ಚರು ತುಂಬುತ್ತಾರೆ. ಪ್ರದಕ್ಷಿಣೆಗೆ ಬಾಲ್ಕನಿಯಲ್ಲಿ ಜಾಗ ಸಾಲದು. ಮನೋರಮಮ್ಮ ನಿಂತಲ್ಲೇ ಮೂರು ಸುತ್ತು ತಿರುಗಿ ಕೈಮುಗಿಯುತ್ತಾರೆ. ಎಂಬತ್ತು ಹತ್ತಿರವಾದರೂ ತಲೆ ಸುತ್ತುವುದಿಲ್ಲವಂತೆ.

ಇಷ್ಟೆಲ್ಲ ಮಾಡಿದ್ದೀರಿ, ಇನ್ನೇನಾದರೂ ಆಸೆ ಉಂಟೇ ಎಂದು ಕೇಳಿದರೆ ಭಟ್ಟರು ಟಾರ್ಚ್ ಆರಿಸಿ, ಎತ್ತಿದ ಮುಚ್ಚಳವನ್ನು ಬಾಟಲಿಗೆ ಮರಳಿ ಕೂರಿಸುತ್ತಾರೆ. "ಆಸೆ ಎಂತದು? ಡಿಸ್ಪೆನ್ಸರಿಯಲ್ಲಿ ಮೂವತ್ತು ವರ್ಷ ಔಷಧ ಕೊಟ್ಟೆ. ಗುಣ ಆದವರು ಮತ್ತೆ ಕಿಟಕಿಯ ಹತ್ರ ಬರುದಿಲ್ಲ. ಯಾರಿಗೆ ಗುಣ ಆಯ್ತು, ನಂಗೆ ಗೊತ್ತಾಗುದೇ ಇಲ್ಲ. ಈ ಒಂದು ರೋಗಿ ಮಾತ್ರ ದಿನಾ ಕಣ್ಣೆದುರು ಉಂಟು. ಅಷ್ಟು ಸಾಕು."

ಮಿಂದು ಬಂದ ಮನೋರಮಮ್ಮನಿಗೆ ಬಾಗಿಲಲ್ಲೇ ಇದು ಕೇಳಿಸುತ್ತದೆ.

"ರೋಗಿಯಾ? ತುಳಸಿಯಮ್ಮನಿಗೆ ರೋಗಿ ಅಂತ ಹೇಳುದಾ ನೀನು? ಹೋಗು, ಮೊದಲು ಬಾಯಿ ತೊಳೆದು ಬಾ. ಅಲ್ಲಿವರೆಗೆ ನಿನಗೆ ಕಾಫಿ ಇಲ್ಲ."

ಐವತ್ತನಾಲ್ಕು ವರ್ಷದ ಕಂಪೌಂಡರು ಟಾರ್ಚ್ ಕೆಳಗಿಟ್ಟು ಬಚ್ಚಲಿಗೆ ನಡೆಯುತ್ತಾರೆ.