ಮೀನಿಗಿಟ್ಟ ನೀರು

ವಿದ್ಯಾನಗರದ ನಮ್ಮ ಮನೆಯ ಬಚ್ಚಲಲ್ಲಿ ಎರಡು ಬಕೆಟ್ ನೀರನ್ನು ಯಾರೂ ಮುಟ್ಟುವಂತಿರಲಿಲ್ಲ. ನಲ್ಲಿ ನೀರಿನ ಕ್ಲೋರಿನ್ ಹೋಗಲೆಂದು ನನ್ನ ಗಂಡ ಶನಿವಾರವೇ ತುಂಬಿಸಿಡುತ್ತಿದ್ದರು. ಭಾನುವಾರ ಅಕ್ವೇರಿಯಂನ ಕಾಲು ಭಾಗ ನೀರು ತೆಗೆದು ಇದನ್ನು ಹುಯ್ಯುತ್ತಿದ್ದರು. ಭದ್ರಾವತಿಯಿಂದ ತಂದ ಬಗೆಬಗೆಯ ಸಿಕ್ಲಿಡ್ ಮೀನುಗಳು, ಮಹಾ ಜಗಳಗಂಟಿಗಳು. ಒಂದೊಂದಕ್ಕೂ ಅಡಗಿಕೊಳ್ಳಲು ಕಲ್ಲಿನ ಸಂದು ಮಾಡಿಕೊಟ್ಟಿದ್ದರು.

“ಪೂರ್ತಿ ತೊಳೆದು ಹೊಸ ನೀರು ಹಾಕಬಾರ್ದೇನ್ರಿ?” ಎಂದು ಬಕೆಟ್ ಎಡವಿದಾಗಲೆಲ್ಲ ರೇಗುತ್ತಿದ್ದೆ.

“ಹಳೇ ನೀರು ಇರ್ಲೇಬೇಕು ಮಾರಾಯ್ತಿ, ಇಲ್ದಿದ್ರೆ ಸಾಯ್ತವೆ.”

ಒಂದು ಶನಿವಾರ ಬಕೆಟ್ ತುಂಬಿಸಿಟ್ಟು ಹಾಲು ತರಲು ಹೋದವರು ದಾರಿಯಲ್ಲೇ ಕುಸಿದರು. ಮನೆಗೆ ಬಂದದ್ದು ಹೆಣ.

ಹನ್ನೊಂದನೆಯ ದಿನ ಅತ್ತೆ, “ಸೂತಕದ್ದು, ಹಿಡಿದಿಟ್ಟ ನೀರೆಲ್ಲ ಚೆಲ್ಲಿಬಿಡಮ್ಮ” ಎಂದರು. ಹಂಡೆ, ಕೊಡ, ಬಕೆಟ್ ಎಲ್ಲ ಬರಿದು ಮಾಡಿದೆ. ಅವರ ಮೀನಿಗೂ ಸೂತಕ ಉಳಿಯಬಾರದೆಂದು ಅಕ್ವೇರಿಯಂನ ಕಲ್ಲುಗಳನ್ನೂ ತಿಕ್ಕಿ ತೊಳೆದು, ನಲ್ಲಿಯಿಂದ ಹೊಸ ನೀರು ತುಂಬಿಸಿದೆ.

ಸಂಜೆಗೆ ಅಷ್ಟೂ ಮೀನು ಸತ್ತು ತೇಲುತ್ತಿದ್ದವು.

ಮೀನಿಗಾಗಿ ಅತ್ತದ್ದು ಒಂದೆರಡು ದಿನ. ಮುಂದಿನ ಶನಿವಾರ ಬಚ್ಚಲಿಗೆ ಹೋದಾಗ ಖಾಲಿ ಬಕೆಟ್ ಕಂಡವು. ಅವರು ಕೈಯಾರೆ ತುಂಬಿಸಿಟ್ಟಿದ್ದ ಕೊನೆಯ ನೀರನ್ನು ಮೋರಿಗೆ ಸುರಿದವಳು ನಾನೇ.